ಯಾವ ಪಾತ್ರಕ್ಕೆ ಎಷ್ಟು ಆಳ ಬೇಕು? ಕಥೆ ಬರೆಯುವವರಿಗೊಂದು ಹೋಲಿಕೆ

ಕಥೆ ಬರೆಯಲು ಶುರುಮಾಡಿದವರು ಪಾತ್ರಗಳ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಹೀಗಿರುತ್ತವೆ. "ನನ್ನ ಪಾತ್ರಗಳು ಚಪ್ಪಟೆಯಾಗಿವೆ ಅಂತಾರೆ, ಎಲ್ಲರಿಗೂ ಆಳ ಕೊಡಬೇಕಾ?" "ನಾಯಕಿ ಕೊನೆಗೆ ಬದಲಾಗಲೇಬೇಕಾ?" "ಇವಳು ಹಠಮಾರಿ ಅಂತ ನೇರವಾಗಿ ಬರೆದರೆ ತಪ್ಪಾ?" ಈ ಪ್ರಶ್ನೆಗಳ ಹಿಂದೆ ಒಂದು ನಂಬಿಕೆ ಇದೆ: ಒಂದು ಬಗೆಯ ಪಾತ್ರ ಮೇಲು, ಇನ್ನೊಂದು ಕೀಳು. ಆ ನಂಬಿಕೆಯನ್ನು ಮೊದಲು ಬಿಡಬೇಕು. ಒಂದೊಂದು ಬಗೆಗೂ ಒಂದೊಂದು ಕೆಲಸವಿದೆ, ಒಂದೊಂದು ಖರ್ಚಿದೆ. ಖರ್ಚು ಅಂದರೆ ಪುಟಗಳು, ಓದುಗರ ಗಮನ, ಬರೆಯುವವರ ಸಮಯ.

ಹೋಲಿಸಿ ನೋಡಲು ಒಂದು ಕಥೆ ಇಟ್ಟುಕೊಳ್ಳೋಣ. ಅಪ್ಪ ತೀರಿಕೊಂಡಿದ್ದಾರೆ. ಹಳೆಯ ಮನೆಯನ್ನು ಮಾರುವುದೋ ಬೇಡವೋ ಎಂದು ಅಕ್ಕ, ತಮ್ಮ ಮಾತಾಡುತ್ತಿದ್ದಾರೆ. ಕಾಗದಪತ್ರ ನೋಡಲು ವಕೀಲರು ಬರುತ್ತಾರೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮನೆ ಕೊಳ್ಳಲು ಒಬ್ಬ ಬಂದಿದ್ದಾನೆ. ಇವರಲ್ಲಿ ಯಾರಿಗೆ ಎಷ್ಟು?

ಮೊದಲು ಅಳತೆಗೋಲು

ನಾನು ಎಲ್ಲಕ್ಕಿಂತ ಮೇಲಿಡುವುದು ನಿರ್ಧಾರವನ್ನು. ಕಥೆ ತಿರುಗುವುದು ಯಾರ ನಿರ್ಧಾರದಿಂದ? ನಮ್ಮ ಕಥೆಯಲ್ಲಿ ಕೊನೆಯ ಸಹಿ ಅಕ್ಕನದು. ಹಾಕುತ್ತಾಳೋ ಇಲ್ಲವೋ ಎಂಬುದೇ ಕಥೆ. ಹಾಕಿದರೂ ನಮಗೆ ನಂಬಿಕೆ ಬರಬೇಕು, ಹಾಕದಿದ್ದರೂ ಬರಬೇಕು. ಹಾಗಾಗಬೇಕಾದರೆ ಎರಡೂ ಕಡೆಗೆ ಎಳೆಯುವ ಕಾರಣಗಳು ಅವಳೊಳಗೇ ಇರಬೇಕು. ಆಳ ಬೇಕಾಗುವುದು ಇಲ್ಲಿ. ವಕೀಲರು ಏನನ್ನೂ ನಿರ್ಧರಿಸುವುದಿಲ್ಲ, ಕಾಗದ ಮುಂದಿಡುತ್ತಾರೆ ಅಷ್ಟೇ. ಅವರಿಗೂ ಬಾಲ್ಯದ ನೋವು, ಮುರಿದ ಮದುವೆ ಕೊಟ್ಟರೆ ಓದುಗರು ಅಕ್ಕನನ್ನು ಬಿಟ್ಟು ವಕೀಲರ ಹಿಂದೆ ಹೋಗುತ್ತಾರೆ.

ಎರಡನೆಯದು ಜಾಗ. ಐದು ಪುಟದ ಕಥೆಯಲ್ಲಿ ಒಬ್ಬರೊಳಗೆ ಇಳಿಯುವುದೇ ಕಷ್ಟ. ಇಬ್ಬರ ಒಳಗೆ ಇಳಿದರೆ ಉಳಿದದ್ದಕ್ಕೆ ಜಾಗ ಉಳಿಯುವುದಿಲ್ಲ.

ಮೂರನೆಯದು ದೂರ. ಓದುಗರು ಈ ವ್ಯಕ್ತಿಯ ಮನಸ್ಸಿನೊಳಗೆ ಇರಬೇಕಾ, ಎದುರಿಗೆ ಕೂತಿರಬೇಕಾ, ಬಾಗಿಲಾಚೆಯಿಂದ ನೋಡಿದರೆ ಸಾಕಾ? ಇದರ ಜೊತೆಗೇ ಬರುವುದು ಗುರುತು. ಹತ್ತನೇ ಪುಟದಲ್ಲಿ ಬಂದು ಹೋದವನು ನೂರನೇ ಪುಟದಲ್ಲಿ ಮತ್ತೆ ಬಂದರೆ ಓದುಗರಿಗೆ ತಕ್ಷಣ ನೆನಪಾಗಬೇಕು. ಜನ ಜಾಸ್ತಿಯಾದಷ್ಟೂ ಇದು ದೊಡ್ಡ ಸಮಸ್ಯೆ.

ಕೊನೆಯದು, ನಿಮಗೆ ಈ ಮನುಷ್ಯನ ಬಗ್ಗೆ ಎಷ್ಟು ಗೊತ್ತು ಎಂಬುದು. ಗೊತ್ತಿಲ್ಲದವರಿಗೆ ಆಳ ಕೊಡಲು ಹೋದರೆ ಬೇರೆ ಕಥೆಗಳಲ್ಲಿ ಓದಿದ್ದು ಬಂದು ಕೂರುತ್ತದೆ.

ಚಪ್ಪಟೆ ಪಾತ್ರ: ಕಡಿಮೆ ಖರ್ಚು, ಗಟ್ಟಿ ನೆನಪು

ಚಪ್ಪಟೆ, ದುಂಡು ಎಂಬ ಈ ವಿಂಗಡಣೆಯನ್ನು ಪ್ರಸಿದ್ಧಗೊಳಿಸಿದವರು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್. 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಇದನ್ನು ವಿವರಿಸಿದರು. ಒಂದೇ ಗುಣದ ಸುತ್ತ ಕಟ್ಟಿದ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಪಾತ್ರ ಚಪ್ಪಟೆ. ಆಮೇಲೆ ಬಂದ ಅನೇಕರು ಚಪ್ಪಟೆ ಎಂಬುದನ್ನು ಬೈಗುಳದ ಹಾಗೆ ಬಳಸಿದರು. ಆದರೆ ಫಾರ್‌ಸ್ಟರ್ ಅದರ ಲಾಭಗಳನ್ನೂ ಹೇಳಿದ್ದರು. ಇಂಥ ಪಾತ್ರ ಬಂದ ಕೂಡಲೇ ಗುರುತು ಸಿಗುತ್ತದೆ, ಪುಸ್ತಕ ಮುಚ್ಚಿದ ಮೇಲೂ ನೆನಪಿರುತ್ತದೆ. ಹೆಣಿಗೆ ಜಾಸ್ತಿಯಿರುವ ಕಾದಂಬರಿಗೆ ಎರಡೂ ಬಗೆಯವರು ಬೇಕು ಎಂಬುದೂ ಅವರ ಮಾತೇ.

ನೆನಪಿನ ಶಕ್ತಿ ಎಷ್ಟು ಅಂತ ತಿಳಿಯಲು "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆ ನೋಡಿ. ಮಹಾಭಾರತದ ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೈನ್ಯ ಕಂಡೊಡನೆ ರಥ ಬಿಟ್ಟು ಓಡಿದ. ಜನರ ಬಾಯಲ್ಲಿ ಉಳಿದಿದ್ದು ಆ ಒಂದು ಗುಣ. ಅದೇ ಉತ್ತರ ಆಮೇಲೆ ಅರ್ಜುನನಿಗೆ ಸಾರಥಿಯಾದ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡುತ್ತ ಸತ್ತ. ಇದು ಎಷ್ಟು ಜನರಿಗೆ ಥಟ್ಟನೆ ಹೊಳೆಯುತ್ತದೆ? ಒಂದು ಗುಣ ಚೆನ್ನಾಗಿ ಅಂಟಿಕೊಂಡರೆ ಉಳಿದದ್ದನ್ನೆಲ್ಲ ಮರೆಸುತ್ತದೆ. ಚಪ್ಪಟೆ ಪಾತ್ರದ ಲಾಭವೂ ಇದೇ, ಅಪಾಯವೂ ಇದೇ.

ನಮ್ಮ ವಕೀಲರಿಗೆ ಚಪ್ಪಟೆ ಪಾತ್ರ ಸರಿಹೊಂದುತ್ತದೆ. ಅವರಿಗೆ ಒಂದು ಅಭ್ಯಾಸ ಕೊಡಿ: ಯಾರು ಅತ್ತರೂ ಅವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಗಡಿಯಾರ ನೋಡುತ್ತಾರೆ. ಎರಡು ಸಲ ಬಂದರೆ ಸಾಕು, ಮೂರನೇ ಸಲ ಪೆನ್ನು ಕಂಡಾಗಲೇ ಓದುಗರಿಗೆ ವಕೀಲರು ಕಾಣುತ್ತಾರೆ. ಖರ್ಚು ಮೂರು ಸಾಲು.

ಆದರೆ ಇಂಥವರನ್ನು ಜಾಸ್ತಿ ಹೊತ್ತು ಎದುರಿಗೆ ಕೂರಿಸಬಾರದು. ನಾಲ್ಕನೇ ಪುಟದ ಹೊತ್ತಿಗೆ ಪೆನ್ನು ಬೇಸರ ತರಿಸುತ್ತದೆ. ದುಃಖದ ಪಾತ್ರ ಚಪ್ಪಟೆಯಾದರೆ ಅದಕ್ಕಿಂತ ಬೇಗ ಬೇಸರವಾಗುತ್ತದೆ. ಸದಾ ಅಳುವವರು ನಮ್ಮ ಕಣ್ಣಲ್ಲಿ ನೀರು ತರಿಸುವುದಿಲ್ಲ, ಸದಾ ನಗಿಸುವವರು ಹೇಗೋ ತುಂಬ ದೂರ ನಡೆದುಬಿಡುತ್ತಾರೆ.

ಅಚ್ಚಿನ ಪಾತ್ರ: ಇಲ್ಲಿ ಎಚ್ಚರ ಬೇಕು

ಚಪ್ಪಟೆ ಪಾತ್ರವನ್ನು ನೀವು ಕಟ್ಟುತ್ತೀರಿ. ಅಚ್ಚಿನ ಪಾತ್ರ ಮೊದಲೇ ಕಟ್ಟಿ ಇಟ್ಟದ್ದು: ಜಿಪುಣ, ಗಂಡನನ್ನು ಹೆದರಿಸುವ ಹೆಂಡತಿ, ಜಾಣ ಆಳು, ಮರೆಗುಳಿ ಮೇಷ್ಟ್ರು. ಈ ಅಚ್ಚುಗಳ ವಯಸ್ಸು ಬಹಳ. ಅರಿಸ್ಟಾಟಲ್‌ನ ಶಿಷ್ಯ ಥಿಯೊಫ್ರಾಸ್ಟಸ್ 30 ಬಗೆಯ ಮನುಷ್ಯರನ್ನು ಒಂದೊಂದು ಚಿಕ್ಕ ಚಿತ್ರದಲ್ಲಿ ಹಿಡಿದಿಟ್ಟ. ಹೊಗಳುಭಟ್ಟ, ಬಾಯಿಬಡುಕ, ಹೇಡಿ ಎಲ್ಲರೂ ಅಲ್ಲಿದ್ದಾರೆ. ನಮ್ಮ ನಾಟ್ಯಶಾಸ್ತ್ರದ ಪರಂಪರೆ ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕು ಮಾಡಿತು. ನಾಯಿಕೆಯರನ್ನು ಎಂಟು ಮಾಡಿತು. ಆ ಎಂಟು ವಿಂಗಡಣೆ ಬಹಳ ಕುತೂಹಲದ್ದು. ಅದು ಹೆಣ್ಣಿನ ಸ್ವಭಾವವನ್ನು ಅಳೆಯುವುದಿಲ್ಲ, ನಲ್ಲನ ವಿಷಯದಲ್ಲಿ ಆ ಹೊತ್ತಿಗೆ ಅವಳಿರುವ ಸ್ಥಿತಿಯನ್ನು ಹೇಳುತ್ತದೆ. ಇವತ್ತು ಸಿಂಗರಿಸಿಕೊಂಡು ಕಾಯುವವಳು ನಾಳೆ ಸಿಟ್ಟಾಗಿ ಮುಖ ತಿರುಗಿಸಬಹುದು. ಇವತ್ತು ಬರೆಯುವವರಿಗೂ ಇದು ಕೆಲಸಕ್ಕೆ ಬರುತ್ತದೆ: "ಇವಳು ಎಂಥವಳು" ಅಂತ ಕೇಳಿ ಉತ್ತರ ಸಿಗದಿದ್ದರೆ "ಇವಳು ಈಗ ಯಾವ ಸ್ಥಿತಿಯಲ್ಲಿದ್ದಾಳೆ" ಅಂತ ಕೇಳಿ ನೋಡಿ.

ಅಚ್ಚಿನ ಲಾಭ ವೇಗ. ಹಾಸ್ಯಕ್ಕೆ, ಪ್ರಹಸನಕ್ಕೆ, ಮಕ್ಕಳ ಕಥೆಗೆ ಅದು ಬೇಕೇ ಬೇಕು. ಓದುಗರಿಗೆ ಮೊದಲೇ ಗೊತ್ತಿರುವ ಕಾರಣ ಪರಿಚಯಕ್ಕೆ ಒಂದು ಸಾಲೂ ಹೋಗುವುದಿಲ್ಲ. ಆದರೆ ಒಂದು ಜಾತಿ, ಒಂದು ಕಸುಬು, ಒಂದು ಭಾಷೆಯ ಜನ, ಅಂಗವಿಕಲರು, ದಪ್ಪಗಿರುವವರು, ಕಪ್ಪಗಿರುವವರು ಹೀಗೆಯೇ ಇರುತ್ತಾರೆ ಎಂಬ ಅಚ್ಚನ್ನು ಸುಮ್ನೆ ಎತ್ತಿಕೊಂಡರೆ ಅದರ ಬೆಲೆ ತೆರುವವರು ನಿಜವಾದ ಜನ. ಓದುಗರಲ್ಲಿ ಅವರೂ ಇರುತ್ತಾರೆ. ಅದಕ್ಕೇ ನನ್ನ ಸಲಹೆ: ಅಚ್ಚು ಬೇಕಾದರೆ ಸ್ವಭಾವದ ಅಚ್ಚು ತೆಗೆದುಕೊಳ್ಳಿ, ಹುಟ್ಟಿನ ಅಚ್ಚನ್ನು ಮುಟ್ಟಬೇಡಿ. ಜಿಪುಣ ಯಾರು ಬೇಕಾದರೂ ಆಗಬಹುದು.

ಮನೆ ಕೊಳ್ಳಲು ಬಂದವನನ್ನು ನೋಡಿ. ಚಿನ್ನದ ಸರ, ಜೋರು ದನಿ, ಎಲ್ಲದಕ್ಕೂ ಹಣದ ಮಾತು ಎಂದರೆ ಅದು ಅಚ್ಚು. ಅವನನ್ನು ಹೀಗೆ ಮಾಡಿ: ಅವನು ಗೋಡೆಗೆ ಕೈ ಹಚ್ಚಿ, "ಮಣ್ಣಿನ ಗೋಡೆ ಅಲ್ವಾ, ಬೇಸಿಗೇಲಿ ತಂಪಾಗಿರುತ್ತೆ" ಎನ್ನುತ್ತಾನೆ. ಅವನಿಗೆ ಆಳ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಅಚ್ಚು ಮುರಿಯಿತು. ಅವನು ಮನೆಯನ್ನು ಮೆಚ್ಚಿದ್ದರಿಂದ ಅಕ್ಕನಿಗೆ ಬೇಡ ಎನ್ನುವುದು ಇನ್ನಷ್ಟು ಕಷ್ಟವಾಯಿತು. ಒಂದೇ ಮಾತಿನಿಂದ ಎರಡು ಕೆಲಸ ಆಯಿತು.

ದುಂಡು ಪಾತ್ರ: ದುಬಾರಿ

ಫಾರ್‌ಸ್ಟರ್ ಕೊಟ್ಟ ಪರೀಕ್ಷೆ ಸರಳ. ಆ ಪಾತ್ರ ನಮ್ಮನ್ನು ಬೆರಗುಗೊಳಿಸಬೇಕು, ಮತ್ತು ಆ ಬೆರಗು ನಂಬುವ ಹಾಗಿರಬೇಕು. ಬೆರಗೇ ಇಲ್ಲದಿದ್ದರೆ ಚಪ್ಪಟೆ. ಬೆರಗಿದ್ದು ನಂಬಿಕೆ ಬರದಿದ್ದರೆ ದುಂಡಿನ ವೇಷ ಹಾಕಿದ ಚಪ್ಪಟೆ.

ಇದಕ್ಕೆ ಕರ್ಣನಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ನೀನು ಪಾಂಡವರ ಅಣ್ಣ ಎಂದು ಕೃಷ್ಣನೇ ಬಂದು ಹೇಳುತ್ತಾನೆ. ರಾಜ್ಯ ಸಿಗುತ್ತದೆ, ತಮ್ಮಂದಿರು ಸಿಗುತ್ತಾರೆ, ಬದುಕಿಡೀ ಕಾಡಿದ ಅವಮಾನ ಒಂದೇ ಏಟಿಗೆ ತೊಳೆದುಹೋಗುತ್ತದೆ. ಅವನು ಒಲ್ಲೆ ಎನ್ನುತ್ತಾನೆ. ಒಪ್ಪಿದ್ದರೂ ನಾವು ನಂಬುತ್ತಿದ್ದೆವು, ಒಪ್ಪದಿದ್ದಾಗಲೂ ನಂಬುತ್ತೇವೆ. ಅವನನ್ನು ಬರಿ "ದಾನಶೂರ" ಎಂದು ಹಿಡಿದರೆ ಈ ಘಳಿಗೆ ಕೈಗೆ ಸಿಗುವುದಿಲ್ಲ. ದುರ್ಯೋಧನನ ಋಣ, ಸಾಕಿದವರ ಪ್ರೀತಿ, ಅರ್ಜುನನ ಮೇಲಿನ ಛಲ ಎಲ್ಲ ಒಟ್ಟಿಗೆ ಎಳೆಯುತ್ತಿರಬೇಕು.

ಹೊಸಬರು ದುಂಡು ಮಾಡುವುದೆಂದರೆ ವಿವರ ತುಂಬುವುದು ಎಂದುಕೊಳ್ಳುತ್ತಾರೆ. ಹುಟ್ಟಿದ ದಿನ, ಇಷ್ಟದ ಬಣ್ಣ, ಓದಿದ ಶಾಲೆ ಎಲ್ಲ ಪಟ್ಟಿ ಮಾಡುತ್ತಾರೆ. ಪಟ್ಟಿ ಉದ್ದವಾಗುತ್ತದೆ, ಪಾತ್ರ ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತದೆ. ದುಂಡುತನ ಬರುವುದು ಒಂದಕ್ಕೊಂದು ಹೊಂದದ ಎರಡು ಆಸೆಗಳಿಂದ. ಅಕ್ಕನಿಗೆ ಮನೆ ಉಳಿಸಿಕೊಳ್ಳುವ ಆಸೆ. ಅಪ್ಪನನ್ನು ಅಷ್ಟು ವರ್ಷ ನೋಡಿಕೊಂಡ ಆ ಮನೆಯಿಂದ ಬಿಡುಗಡೆ ಬೇಕೆಂಬ ಆಸೆ. ಎರಡನೆಯದನ್ನು ಅವಳು ತನಗೂ ಹೇಳಿಕೊಂಡಿಲ್ಲ. ಇಷ್ಟು ಗೊತ್ತಾದರೆ ಅವಳ ಇಷ್ಟದ ಬಣ್ಣ ಬೇಕಿಲ್ಲ.

ಹಾಗಂತ ಏನು ಬೇಕಾದರೂ ಮಾಡಿಸಬಹುದು ಅಂತಲ್ಲ. ಪಾತ್ರದ ನಡತೆಗೆ ಒಂದು ಹೊಂದಿಕೆ ಇರಬೇಕು ಅಂತ ಅರಿಸ್ಟಾಟಲ್ ಹೇಳಿದ್ದಾನೆ. ಆ ಮನುಷ್ಯ ಚಂಚಲನೇ ಆಗಿದ್ದರೆ ಆ ಚಂಚಲತೆಯಲ್ಲೂ ಹೊಂದಿಕೆ ಇರಲಿ ಎನ್ನುತ್ತಾನೆ. ಅಕ್ಕ ಕೊನೆಯಲ್ಲಿ ತಟ್ಟನೆ ಸಹಿ ಹಾಕಿದರೆ, ಹಿಂದಿನ ಪುಟಗಳಲ್ಲಿ ಅವಳು ಕಿಟಕಿಯಿಂದ ರಸ್ತೆ ನೋಡುತ್ತಾ ನಿಂತದ್ದು, ಗೆಳತಿಯ ಪ್ರವಾಸದ ಫೋಟೋವನ್ನು ಬೇಗ ಬೇಗ ಸರಿಸಿದ್ದು ಎಲ್ಲೋ ಇರಬೇಕು. ಓದುಗರು ತಿರುಗಿ ನೋಡಿದಾಗ ಜಾಡು ಸಿಗಬೇಕು.

ಖರ್ಚಿನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ದುಬಾರಿ. ಸಣ್ಣ ಕಥೆಯಲ್ಲಿ ಒಬ್ಬರು ಸಾಕು. ಇಬ್ಬರಿದ್ದರೆ ಆ ಇಬ್ಬರ ಜಗಳವೇ ಕಥೆಯಾಗಿರಬೇಕು. ತಮ್ಮನನ್ನು ಎಲ್ಲಿಡಬೇಕು ಎಂಬುದು ಇಲ್ಲಿ ಗೊತ್ತಾಗುತ್ತದೆ. ಜಾಗವಿದ್ದರೆ ಅವನಿಗೂ ಒಂದು ಕಾರಣ ಕೊಡಿ: ಅವನಿಗೆ ಸಾಲವಿದೆ, ಹೇಳಿಕೊಳ್ಳಲು ನಾಚಿಕೆ. ಜಾಗವಿಲ್ಲದಿದ್ದರೆ ಅಕ್ಕನ ಎದುರುಪಾತ್ರವಾಗಿ ಉಳಿಸಿ. ಅವಳು ನಿಧಾನ, ಅವನು ಅವಸರ. ಅವನ ಅವಸರದಿಂದ ಅವಳ ನಿಧಾನ ಎದ್ದು ಕಾಣುತ್ತದೆ.

ಬದಲಾಗಬೇಕಾ, ಹಾಗೇ ಇರಬೇಕಾ

ದುಂಡು ಪಾತ್ರ ಅಂದರೆ ಬದಲಾಗುವ ಪಾತ್ರ ಎಂದು ಅನೇಕರು ಎರಡನ್ನೂ ಒಂದು ಮಾಡುತ್ತಾರೆ. ಇವು ಬೇರೆ ಬೇರೆ. ಕರ್ಣ ಬದಲಾಗುವುದಿಲ್ಲ. ಬದಲಾಗುವ ಅವಕಾಶ ಎದುರಿಗಿದ್ದರೂ ಬದಲಾಗದೆ ಇರುವುದೇ ಅವನ ಕಥೆ.

ಬದಲಾವಣೆ ಬೇಕಾಗುವುದು ಕಥೆ "ಈ ಮನುಷ್ಯ ಏನಾದ" ಎಂದು ಕೇಳುವಾಗ. ಬೆಳೆಯುವ ಹುಡುಗರ ಕಥೆಗಳು, ಪಶ್ಚಾತ್ತಾಪದ ಕಥೆಗಳು ಈ ಗುಂಪಿಗೆ ಸೇರುತ್ತವೆ. ಇದಕ್ಕೆ ಕಥೆಯೊಳಗೆ ಕಾಲ ಬೇಕು. ಒಂದು ಸಂಜೆಯಲ್ಲಿ ನಡೆಯುವ ಕಥೆಯಲ್ಲಿ ಜೀವನವಿಡೀ ಜಿಪುಣನಾಗಿದ್ದವನು ದಾನಿಯಾದರೆ ನಂಬುವುದು ಕಷ್ಟ. ಅಷ್ಟು ಚಿಕ್ಕ ಅವಧಿಯಲ್ಲಿ ಸ್ವಭಾವ ಬದಲಾಗುವುದಿಲ್ಲ, ಒಂದು ತಿಳಿವಳಿಕೆ ಬರಬಹುದು. ಸಣ್ಣ ಕಥೆಗೆ ಅಷ್ಟು ಸಾಕು. ಕಥೆ "ಈ ಮನುಷ್ಯ ಈ ಒತ್ತಡವನ್ನು ತಡೆದುಕೊಳ್ಳುತ್ತಾನಾ" ಎಂದು ಕೇಳಿದರೆ ಪಾತ್ರ ಹಾಗೇ ಇರಲಿ. ಪತ್ತೇದಾರಿ ಸರಣಿಗೆ ಬದಲಾಗದ ನಾಯಕನೇ ಅನುಕೂಲ. ಪ್ರತಿ ಪುಸ್ತಕದಲ್ಲೂ ಓದುಗರಿಗೆ ಅದೇ ಮನುಷ್ಯ ಬೇಕು.

ಸ್ವಭಾವವನ್ನು ತಿಳಿಸುವ ದಾರಿಗಳು

ಪಾತ್ರದ ಬಗೆ ಆರಿಸಿದ ಮೇಲೆ ಅದನ್ನು ಓದುಗರಿಗೆ ಮುಟ್ಟಿಸುವುದು ಹೇಗೆ? ಮೊದಲ ದಾರಿ ನೇರವಾಗಿ ಹೇಳುವುದು.

"ಅಕ್ಕ ಜವಾಬ್ದಾರಿಯವಳು. ಒಳಗೊಳಗೇ ತಮ್ಮನ ಮೇಲೆ ಸಿಟ್ಟಿತ್ತು."

ಇನ್ನೊಂದು, ನಡತೆಯಲ್ಲಿ ತೋರಿಸುವುದು.

"ತಮ್ಮ ಬರುವ ಹೊತ್ತಿಗೆ ಅಪ್ಪನ ಔಷಧಿ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಅವನು ಅವನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟ. ಅವಳು ಏನೂ ಹೇಳಲಿಲ್ಲ. ಚೀಟಿಗಳನ್ನು ಎತ್ತಿಕೊಂಡು ಮತ್ತೆ ಮೊದಲಿಂದ ಜೋಡಿಸತೊಡಗಿದಳು."

ಎರಡನೆಯದು ಚೆನ್ನಾಗಿದೆ ಅಂತ ಯಾರಾದರೂ ಹೇಳುತ್ತಾರೆ. ಆದರೆ ಪ್ರತಿಯೊಬ್ಬರಿಗೂ ಇಷ್ಟು ಸಾಲು ಕೊಡಲು ಹೋದರೆ ಕಥೆ ಮುಂದೆ ಸಾಗುವುದಿಲ್ಲ. ವಕೀಲರ ಬಗ್ಗೆ "ಅವಸರದ ಮನುಷ್ಯ" ಎಂದರೆ ಮುಗಿಯಿತು. ನೇರ ಹೇಳಿಕೆ ಚಪ್ಪಟೆ ಪಾತ್ರಕ್ಕೆ, ವರ್ಷಗಳನ್ನು ದಾಟುವುದಕ್ಕೆ, ಜನಪದ ಕಥೆಯ ಧಾಟಿಗೆ ಚೆನ್ನಾಗಿ ಒಗ್ಗುತ್ತದೆ. ಕಥೆ ತಿರುಗುವ ಜಾಗದಲ್ಲಿ ಮಾತ್ರ ಅದನ್ನು ಬಳಸಬೇಡಿ. ಅಲ್ಲಿ ಓದುಗರೇ ನೋಡಿ ತೀರ್ಮಾನಿಸಲಿ.

ಮಾತು ಮೂರನೇ ದಾರಿ, ನನಗೆ ಬಹಳ ಇಷ್ಟವಾದದ್ದು. "ನೀನು ಬರೋಕಾಗಲ್ಲ ಅಂತ ಗೊತ್ತಿತ್ತು ಬಿಡು. ಕೆಲಸ ಇರುತ್ತಲ್ಲ." ಅಕ್ಕ ತಮ್ಮನನ್ನು ಕ್ಷಮಿಸುತ್ತಿದ್ದಾಳೆ, ಅದೇ ಉಸಿರಿನಲ್ಲಿ ಚುಚ್ಚುತ್ತಿದ್ದಾಳೆ. ಇಲ್ಲಿ ಕನ್ನಡ ನಮಗೆ ಒಂದು ವರ ಕೊಟ್ಟಿದೆ. ಯಾರು ಯಾರಿಗೆ ನೀನು ಅನ್ನುತ್ತಾರೆ, ಯಾರಿಗೆ ನೀವು ಅನ್ನುತ್ತಾರೆ, ಎಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ ಎಂಬುದರಲ್ಲೇ ಸಂಬಂಧ ಬಯಲಾಗುತ್ತದೆ. ಕಥೆ ಹೇಳುವವರೂ ತಪ್ಪಿಸಿಕೊಳ್ಳುವಂತಿಲ್ಲ. ವಕೀಲರನ್ನು "ಅವರು" ಎಂದು ಬರೆದು, ಮನೆ ಕೊಳ್ಳಲು ಬಂದವನನ್ನು "ಅವನು" ಎಂದರೆ ಆಗಲೇ ಒಂದು ತೀರ್ಪು ಕೊಟ್ಟ ಹಾಗಾಯಿತು. ಆ ತೀರ್ಪು ನಿಮ್ಮದೋ, ಅಕ್ಕನದೋ? ಬರೆಯುವ ಮೊದಲು ಯೋಚಿಸಿ.

ಬೇರೆಯವರ ಬಾಯಲ್ಲಿ ಹೇಳಿಸುವುದು ಅಗ್ಗದ ದಾರಿ, ಆದರೆ ಫಲ ಜಾಸ್ತಿ. ಅಜ್ಜಿ "ಆ ಹುಡುಗಿ ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತೋ" ಎಂದರೆ ಅಕ್ಕನೂ ಕಾಣುತ್ತಾಳೆ, ಅಜ್ಜಿಯೂ ಕಾಣುತ್ತಾರೆ. ಅಜ್ಜಿ ಹೇಳಿದ್ದು ತಪ್ಪೂ ಆಗಿರಬಹುದು.

ಮನಸ್ಸಿನೊಳಗೆ ಇಳಿಯುವುದು ಅತ್ಯಂತ ಹತ್ತಿರದ ದಾರಿ. "ಮನೆ ಮಾರಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವನಿಗಂತೂ ಏನೂ ಆಗುವುದಿಲ್ಲ." ಇಲ್ಲಿ "ಎಂದುಕೊಂಡಳು" ಎಂಬುದಿಲ್ಲ. ನಿರೂಪಕರ ದನಿಯೊಳಗೆ ಅಕ್ಕನ ದನಿ ಸೇರಿಕೊಂಡಿದೆ. ಈ ದಾರಿಯನ್ನು ಒಂದು ದೃಶ್ಯದಲ್ಲಿ ಒಬ್ಬರಿಗೇ ಮೀಸಲಿಡುವುದು ಒಳ್ಳೆಯದು. ಐದೂ ಜನರ ತಲೆಯೊಳಗೆ ಹೊಕ್ಕು ಬಂದರೆ ಓದುಗರಿಗೆ ಯಾರ ಪಕ್ಕ ನಿಲ್ಲಬೇಕು ಅಂತ ತಿಳಿಯುವುದಿಲ್ಲ.

ಹೊರನೋಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಗು, ಬಣ್ಣ, ಎತ್ತರ ಯಾರಿಗೂ ನೆನಪಿರುವುದಿಲ್ಲ. ಕೈ ಏನು ಮಾಡುತ್ತಿದೆ ಎಂಬುದು ನೆನಪಿರುತ್ತದೆ.

ನಿಮ್ಮ ಕಥೆಗೆ ಯಾವುದು

ಎರಡು, ಮೂರು ಪುಟದ ಕಥೆಯಾದರೆ ಒಬ್ಬರನ್ನು ದುಂಡಾಗಿಸಿ, ಮಿಕ್ಕವರಿಗೆ ಒಂದೊಂದು ಗುರುತು ಕೊಡಿ. ಜನ ಜಾಸ್ತಿಯಾಗಿದ್ದರೆ ಇಬ್ಬರ ಕೆಲಸವನ್ನು ಒಬ್ಬರಿಗೆ ವಹಿಸಿ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಂತ್ರಿಕ ಕಥೆಗಳನ್ನು ಬಿಡಿಸಿ ನೋಡಿ, ಅವುಗಳಲ್ಲಿ ಖಳ, ಸಹಾಯಕ, ಸುಳ್ಳು ನಾಯಕ ಹೀಗೆ ಏಳು ಬಗೆಯ ಹೊಣೆಗಳಿವೆ ಎಂದು ತೋರಿಸಿದ. ಒಬ್ಬನೇ ಹಲವು ಹೊಣೆ ಹೊರಬಹುದು, ಒಂದೇ ಹೊಣೆ ಹಲವರಿಗೆ ಹಂಚಿಹೋಗಬಹುದು ಎಂದೂ ಕಂಡುಕೊಂಡ. ನಮ್ಮ ಕಥೆ ತೀರಾ ಚಿಕ್ಕದಾಗಬೇಕಿದ್ದರೆ ವಕೀಲರನ್ನು ತೆಗೆದು ತಮ್ಮನ ಕೈಯಲ್ಲೇ ಕಾಗದ ಕೊಡಿ. ಕಥೆ ಆಗ ಇನ್ನೂ ಬಿಗಿಯಾಗುತ್ತದೆ.

ಕಾದಂಬರಿಯಾದರೆ ನಾಲ್ಕೈದು ಜನರಿಗೆ ಆಳ ಕೊಡಲು ಜಾಗವಿದೆ, ಆದರೆ ಎಲ್ಲರಿಗೂ ಒಟ್ಟಿಗೆ ಕೊಡಬೇಡಿ. ಒಬ್ಬೊಬ್ಬರು ಅವರವರ ನಿರ್ಧಾರದ ಹೊತ್ತಿಗೆ ತೆರೆದುಕೊಳ್ಳಲಿ. ಪತ್ತೇದಾರಿ ಕಥೆಯಲ್ಲಿ ಲೆಕ್ಕ ಬೇರೆ. ಅಪರಾಧಿಯೊಬ್ಬನಿಗೇ ಆಳ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಸಂಶಯಕ್ಕೆ ಒಳಗಾದ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡಬೇಕು. ಹಾಸ್ಯಕ್ಕೆ, ಮಕ್ಕಳ ಕಥೆಗೆ ಚಪ್ಪಟೆ ಪಾತ್ರವನ್ನು ಧೈರ್ಯವಾಗಿ ಬಳಸಿ.

ಸಮಯ ಕಡಿಮೆ ಇದ್ದರೆ ಮೊದಲ ಕರಡಿನಲ್ಲಿ ಎಲ್ಲರನ್ನೂ ಚಪ್ಪಟೆಯಾಗಿಯೇ ಬರೆಯಿರಿ. ಮುಗಿದ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಅವರು ತೆಗೆದುಕೊಂಡ ನಿರ್ಧಾರ ಬರೆಯಿರಿ. ಹೆಸರಿನ ಮುಂದೆ ಏನೂ ಇಲ್ಲದವರನ್ನು ಹಾಗೇ ಬಿಡಿ. ನಿರ್ಧಾರವಿರುವವರಿಗೆ "ಇವರು ಇದರ ಉಲ್ಟಾ ಮಾಡಿದ್ದರೆ ನಂಬುತ್ತಿದ್ದೆನಾ?" ಎಂದು ಕೇಳಿ. ಇಲ್ಲ ಎಂದಾದರೆ ಎರಡನೇ ಕರಡಿನ ಶ್ರಮವೆಲ್ಲ ಅಲ್ಲಿಗೆ ಹೋಗಲಿ.

ಒಮ್ಮೊಮ್ಮೆ ಬರೆಯುತ್ತಾ ಹೋದ ಹಾಗೆ ಅಂಚಿನಲ್ಲಿದ್ದವರು ನಡುವೆ ಬಂದು ನಿಲ್ಲುತ್ತಾರೆ. ಅಜ್ಜಿ ಸುಮ್ಮನೆ ಬಂದು ಹೋಗಬೇಕಿತ್ತು. ಆದರೆ ಮನೆಯ ಹಳೆಯ ಪತ್ರವೊಂದು ಅವರ ಹತ್ತಿರ ಇದೆ, ಕೊಡಬೇಕೋ ಬೇಡವೋ ಎಂದು ಅವರು ತೂಗಿ ನೋಡುತ್ತಿದ್ದಾರೆ. ಅಲ್ಲಿಗೆ ನಿರ್ಧಾರ ಅಜ್ಜಿಯ ಕೈಗೆ ಹೋಯಿತು. ಆಗ ಎರಡೇ ದಾರಿ. ಪತ್ರವನ್ನು ಅಕ್ಕನ ಕಪಾಟಿನಲ್ಲಿ ಇಟ್ಟು ಅಜ್ಜಿಯನ್ನು ಬೇಲಿಯಾಚೆ ಬಿಡಿ. ಇಲ್ಲವೇ ಮೊದಲ ಪುಟಕ್ಕೆ ಹೋಗಿ ಕಥೆಯನ್ನು ಅಜ್ಜಿಯ ಕಣ್ಣಿಂದ ಬರೆಯಲು ಶುರುಮಾಡಿ.